ವರನ ಹೆಗಲ ಮೇಲಿನ ಹಕ್ಕಿ

ಫೋಟೊದಲ್ಲಿ ಹುಡುಗ ಒಬ್ಬನೇ ನಿಂತಿದ್ದರೆ ಗೊಳಸಂಗಿಯ ಪರಪ್ಪನಿಗೆ ಆ ಗತಿ ಬರುತ್ತಿರಲಿಲ್ಲ. ಮಗಳು ಇಂದ್ರಾಬಾಯಿಗೆಂದು ಬಂದ ವರ ಹೆಗಲ ಮೇಲೊಂದು ಹಕ್ಕಿ ಕೂರಿಸಿಕೊಂಡು ಫೋಟೊ ತೆಗೆಸಿದ್ದ. ತಂದವನು ಆಲಮೇಲದ ಮಡಿವಾಳಪ್ಪ. ಲಗ್ನ ಕೂಡಿಸುವುದೇ ಅವನ ಕಸುಬು.

"ಹುಡುಗ ದಾಂಡೇಲಿಯಾಗ ನೌಕರಿ ಮಾಡ್ತಾನ್ರಿ. ಸಂಜಿಗೆ ಬಾಗೇವಾಡಿಯಿಂದ ನಮ್ಮೂರ ಬಸ್ ಹಿಡಿತೇನಿ. ಅಷ್ಟರಾಗ ಹೂಂ ಅನ್ರಿ, ಇಲ್ಲಂದ್ರ ಮಸೂತಿ ಊರಾಗ ಹೆಣ್ಣಿನವರು ಕಾಯಾಕತ್ತಾರ."

ಪರಪ್ಪ ಹೂಂ ಎನ್ನಲು ಬಾಯಿ ತೆರೆದಿದ್ದ. ಅವನ ಅಕ್ಕ ಗುರವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಯಲ್ಲೇ ಫೋಟೊ ಕಸಿದುಕೊಂಡಳು.

"ಇದೇನೋ ತಮ್ಮಾ, ಗೂಗಿ ಏನು? ಅಪಶಕುನ! ಹಕ್ಕಿ ಯಾವುದಂತ ತಿಳಿಯೂತನಕ ಮಾತಿಲ್ಲ!"

"ಹಕ್ಕಿಗೆ ಸುಣ್ಣ ಬಡೀಬ್ಯಾಡ! ಆ ಕಡಿ ಹಿಡಿ!" ಪರಪ್ಪ ಗುಡುಗಿದ.

ಪರಪ್ಪ ಫೋಟೊ ಹಿಡಿದು ಓಣಿಗಿಳಿದ. ಕುರಿಯ ಹಾಲು ಹಿಂಡುತ್ತಿದ್ದ ಬೀರಣ್ಣ ಒದ್ದೆ ಕೈಯಲ್ಲಿ ಅದನ್ನು ಹಿಡಿದ. "ರಣಹದ್ದು, ಪರಪ್ಪಣ್ಣಾ. ಹುಡುಗ ಇನ್ನಾ ಹೆಂಗ ಬದುಕ್ಯಾನ?"

"ಆ ಕಡಿ ಹಿಡಿಯಲೇ, ಹಕ್ಕಿ ಕೆಡತೈತಿ!"

ಚಾದಂಗಡಿಯ ಮೆಹರಾಜ, ಚಹಾ ಮೆತ್ತಿದ ಹೆಬ್ಬೆರಳಿನಿಂದ ಫೋಟೊ ಒತ್ತಿ ಹಿಡಿದು, "ಕೊಕ್ಕಿನ ಮ್ಯಾಲೆ ಇನ್ನೊಂದು ಕೊಕ್ಕು! ಎರಡು ಹಕ್ಕಿ ಅದಾವ್ರಿ ಕಾಕಾ, ಒಂದರ ಹಿಂದ ಒಂದು," ಎಂದ.

ಕೊನೆಗೆ ಪರಪ್ಪ ಮಡಿವಾಳಪ್ಪನ ಜೊತೆ ಬಾಗೇವಾಡಿಗೆ ಹೋಗಿ, ಅವನನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ಅಡವಿ ಇಲಾಖೆಯಿಂದ ನಿವೃತ್ತನಾದ ಬಸಂತರಾಯನ ಬಾಗಿಲು ಬಡಿದ.

"ಮಂಗಟ್ಟೆ ಹಕ್ಕಿರೀ ಇದು! ಹೆಣ್ಣು ಮರದ ಪೊಟರಿ ಹೊಕ್ಕು ಬಾಗಿಲಾ ಮೆತ್ತಿಕೊಂಡು ಕುಂಡರ್ತೈತಿ. ಗಂಡು ಹೊರಗ ನಿಂತು, ಸಣ್ಣ ಸಂದಿಯಿಂದ ಹಣ್ಣು ಉಣಸ್ತೈತಿ. ಅಂಥಾ ಗಂಡ ಮನಷ್ಯಾರಾಗ ಎಲ್ಲಿ ಸಿಗತಾನ್ರಿ?"

ಪರಪ್ಪ ಹಗ್ಗ ಹರಿದ ಹೋರಿಯಂತೆ ಓಡಿದ. ಬಸ್ಸು ಹೊರಟಿತ್ತು. "ಮಡಿವಾಳಪ್ಪಾ, ಕೊಟ್ಟೆ! ಹುಡುಗೀನ ಕೊಟ್ಟೆ!" ಎಂದು ಕಿಟಕಿಗೆ ಕೂಗಿದ. ಇಡೀ ಬಸ್ಸು ಕೇಳಿಸಿಕೊಂಡಿತು.

ಮನೆಯಲ್ಲಿ ಹೆಂಡತಿ ಸಿದ್ದಲಿಂಗವ್ವ ಸಕ್ಕರೆ ಹಂಚಿದಳು. ಬೆಳಗಿನಿಂದ ಯಾರೂ ಫೋಟೊ ತೋರಿಸದ ಇಂದ್ರಾಬಾಯಿ ಕೈ ಚಾಚಿದಳು.

ಹಕ್ಕಿಯ ಒಂದೊಂದು ಪುಕ್ಕವೂ ನಿಚ್ಚಳವಾಗಿತ್ತು. ಪಕ್ಕದಲ್ಲಿ ವರನ ಮುಖವಿದ್ದ ಕಡೆ ಸುಣ್ಣ, ಹಾಲು, ಚಹಾ ಸೇರಿ ಬರೀ ಹೆಬ್ಬೆರಳಿನ ಗುರುತು.

"ಮಾರಿ ಎಲ್ಲೈತಿ?"

"ನಾ ಹಕ್ಕಿ ನೋಡಿದ್ನೆವ್ವಾ," ಎಂದಳು ಗುರವ್ವ.

"ನಾನೂ," ಎಂದಳು ತಾಯಿ.

"ಅಪ್ಪಾ, ನೀನರ ಹೇಳು. ಹೆಂಗದಾನ?"

ಪರಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಚಲೋ ಅದಾನವ್ವಾ... ಮೂಗು ಗೇಣುದ್ದ ಐತಿ, ತುದಿ ಕೆಳಗ ಬಾಗೇತಿ..."

ಇಂದ್ರಾಬಾಯಿ ಕೋಣೆ ಹೊಕ್ಕು ಒಳಗಿನಿಂದ ಅಗುಳಿ ಜಡಿದಳು. ಆಲಮೇಲದ ಬಸ್ಸು ಆಗಲೇ ದೂರ ಹೋಗಿತ್ತು. ಕತ್ತಲಾದ ಮೇಲೆ ಪರಪ್ಪ ಹೊರಗೆ ನಿಂತು ಕಿಟಕಿಯ ಸಂದಿಯಿಂದ ರೊಟ್ಟಿ ತೂರಿಸುತ್ತಿದ್ದ.

"ಉಣ್ಣವ್ವಾ ನನ್ನವ್ವಾ!"