ಕನಸಿನ ಮೂಲೆಯ ಕೆಂಪು ಬೊಟ್ಟು

ಜಪಾನಿ ಕ್ಯಾಲಿಗ್ರಫಿ ನನಗೆ ನೀರು ಕುಡಿದಷ್ಟು ಸುಲಭ ಎಂದು ಮೊದಲ ಕ್ಲಾಸಿನಲ್ಲೇ ಗೊತ್ತಾಗಿಹೋಯಿತು. ಕಮ್ಯುನಿಟಿ ಕ್ಲಬ್ಬಿನ ನಮ್ಮ ಟೀಚರ್ ಹಾರುಕೋ ಮೇಡಂ ಹಳೆಯ ಚೀನೀ ಗುರುವೊಬ್ಬರ ಬರಹದ ಪ್ರತಿಯನ್ನು ಮುಂದಿಟ್ಟು, "ಜಪಾನಿನ ದೊಡ್ಡವರೆಲ್ಲ ಇಂಥದ್ದನ್ನು ನಕಲು ಮಾಡಿಯೇ ಕಲಿತರು. ನೀವೂ ಮೊದಲು ನಕಲು ಮಾಡಿ. ಸ್ವಂತ ಕೈ ಆಮೇಲೆ ತಾನಾಗಿ ಬರುತ್ತದೆ" ಎಂದರು. ನಕಲು! ಸಾಫ್ಟ್‌ವೇರಿನಲ್ಲಿ ನಾನು ಇಷ್ಟು ವರ್ಷ ಅನ್ನ ತಿಂದದ್ದು ಮತ್ತೇನು ಮಾಡಿ?

ನನ್ನ ಪಾಲಿಗೆ ಬಂದದ್ದು 'ಕನಸು' ಎಂಬ ಅರ್ಥದ ಒಂದೇ ಅಕ್ಷರ. ಚೀನಾದಲ್ಲಿ ಹುಟ್ಟಿ ಜಪಾನಿಗೆ ಹೋಗಿ ನೆಲೆಸಿದ್ದು. ಕಲ್ಲಿನ ಮೇಲೆ ಮಸಿಕಡ್ಡಿ ತೇಯುತ್ತ ಕುಳಿತರೆ ಆ ಪರಿಮಳಕ್ಕೇ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ನಾವಿರುವ ಬುಕಿತ್ ಪಂಜಾಂಗ್ ಬಡಾವಣೆಯ ಎಲ್‌ಆರ್‌ಟಿ ರೈಲಿನಲ್ಲೂ ಗಾಳಿಯಲ್ಲಿ ಬೆರಳಾಡಿಸುತ್ತಿದ್ದೆ. ಆ ರೈಲು ಸುತ್ತು ಹೊಡೆಯುವಂಥದ್ದು. ಇಳಿಯಲು ಮರೆತರೆ ಹತ್ತಿದಲ್ಲಿಗೇ ತಂದು ಬಿಡುತ್ತದೆ. ಕಿಟಕಿಯಾಚೆ ಎಚ್‌ಡಿಬಿಯ ಸರ್ಕಾರಿ ವಸತಿ ಬ್ಲಾಕುಗಳು, ಬಿದಿರಿನ ಗಳುಗಳ ಮೇಲೆ ಒಣಹಾಕಿದ ಬಟ್ಟೆಗಳು, ಸಂಜೆಯ ಮೋಡಗಳು ತೇಲಿಹೋಗುತ್ತಿದ್ದವು. ನಾನು ಪರಮಸುಖದಲ್ಲಿ ಇನ್ನೊಂದು ಸುತ್ತು ಹೋಗುತ್ತಿದ್ದೆ.

"ಹಾಲು ತರೋಕೆ ಹೋದವ್ರು ಎಲ್ಲಿಗ್ರೀ ಹೋಗಿದ್ರಿ?" ಎಂದಳು ಹೆಂಡತಿ ಸುಮಾ.

"ಕನಸಿಗೆ."

"ಹಾಲು?"

ಹಾಲು ತಂದಿರಲಿಲ್ಲ.

ಅಷ್ಟರಲ್ಲಿ ಕ್ಲಬ್ಬಿನಲ್ಲಿ ಪ್ರದರ್ಶನ ಬಂತು. ಒಬ್ಬರಿಗೆ ಒಂದೇ ಹಾಳೆ. ಮೇಡಂ ಒಪ್ಪಿದರೆ ಮಾತ್ರ ಗೋಡೆಗೆ. ಅವರು ಒಪ್ಪುವ ಮೊದಲೇ ನಾನು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಆಮಂತ್ರಣ ಕಳಿಸಿಬಿಟ್ಟೆ. ಇನ್ನು ಗೋಡೆ ಏರದಿದ್ದರೆ ಮಾನ ಹೋಯಿತು!

ಹಾಳೆ ಕೊಡಬೇಕಾದದ್ದು ವಿಜಯದಶಮಿಯಂದು. ಆಯುಧಪೂಜೆಯ ಬೆಳಿಗ್ಗೆ ಅಂತೂ ಒಂದು 'ಕನಸು' ಮನಸ್ಸಿಗೆ ಒಪ್ಪುವಂತೆ ಹಾಳೆಯ ಮೇಲೆ ಮೂಡಿತು. ವಿದ್ಯೆಯ ಸಾಮಾನಲ್ಲವೇ? ಕುಂಚ, ಕಲ್ಲು, ಹಾಳೆ ಎಲ್ಲವನ್ನೂ ಭಕ್ತಿಯಿಂದ ದೇವರ ಮುಂದಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಲ್ಯಾಪ್‌ಟಾಪ್, ರೂಟರ್, ಮಿಕ್ಸಿಗಳೆಲ್ಲ ಕುಂಕುಮ ಇಟ್ಟುಕೊಂಡು ಲಕ್ಷಣವಾಗಿ ಕೂತಿದ್ದವು. ಕುಂಚದ ಕೂದಲಿಗೆ ದಪ್ಪಗೆ ಗಂಧ. ನನ್ನ ಹಾಳೆಯ ಕೆಳಗಿನ ಎಡ ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿದ ಕೆಂಪು ಬೊಟ್ಟು!

"ಅಯ್ಯೋ, ಏನೇ ಮಾಡ್ದೆ?"

"ಪೂಜೆಗೆ ಇಟ್ಟಿದ್ದೀರ. ಕುಂಕುಮ ಇಡದೆ ಚಿಲ್ಲಿ ಸಾಸ್ ಹಾಕ್ಲಾ?"

"ಕುಂಚ ಕೊಡು, ಇನ್ನೊಂದು ಬರೀತೀನಿ."

"ಇವತ್ತು ಮುಟ್ಟೋ ಹಾಗಿಲ್ಲ. ನಾಳೆ ಪೂಜೆ ಆದ್ಮೇಲೆ ತಗೊಳ್ಳಿ."

ಮರುದಿನ ತೆಗೆದುಕೊಂಡೆ. ಗಂಧ ಒಣಗಿ ಕುಂಚ ಕೊರಡಾಗಿತ್ತು. ನೆನೆಸಿ ಬರೆದರೆ ಕೆಸರು ಬಣ್ಣದ ಕನಸು. ಜೋರಾಗಿ ಉಜ್ಜಿದೆ, ಕೂದಲೆಲ್ಲ ಕೈಗೆ ಬಂತು! ಬೊಟ್ಟಿನ ಹಾಳೆಯನ್ನೇ ಸುತ್ತಿಕೊಂಡು ಹೊರಟೆ. ಕ್ಷಮೆ ಕೇಳುವ ಮಾತನ್ನು ರೈಲಿನಲ್ಲಿ ಅಭ್ಯಾಸ ಮಾಡುತ್ತ ಒಂದು ಸುತ್ತು ಹೆಚ್ಚೇ ಹೋದೆ.

ಮೇಡಂ ಹಾಳೆಯನ್ನು ಬಹಳ ಹೊತ್ತು ನೋಡಿದರು. ಕ್ಷಮೆ ಕೇಳಲು ನಾನು ಬಾಯಿ ತೆರೆದೆ.

"ಮುದ್ರೆ ತುಂಬ ಚೆನ್ನಾಗಿದೆ. ಸರಿಯಾದ ಜಾಗದಲ್ಲಿ ಬಿದ್ದಿದೆ. ನಿಮ್ಮದೇ?"

ಬರೆದವರು ಮೂಲೆಯಲ್ಲಿ ಕೆಂಪು ಮುದ್ರೆ ಒತ್ತುವುದು ಅವರ ಪದ್ಧತಿ ಎಂಬುದು ನನಗೆ ಆಗ ನೆನಪಾಯಿತು. ತಲೆ ತಗ್ಗಿಸಿ, ವಿನಯ ಸುರಿಸುತ್ತ, "ನನ್ನದೇ" ಎಂದೆ.

ಹಾಳೆ ಗೋಡೆ ಏರಿತು! ಪ್ರದರ್ಶನಕ್ಕೆ ವಾಟ್ಸಾಪ್ ಗುಂಪು ಸಂಸಾರಸಮೇತ ಬಂತು. ಎಲ್ಲರ ಮುಂದೆ ಮೇಡಂ ನನ್ನ ಕಲೆಯನ್ನು ವಿವರಿಸಿದರು.

"ಅಕ್ಷರ ಗುರುವಿನ ನಕಲು. ಅದೂ ಸ್ವಲ್ಪ ತೂಕಡಿಸುತ್ತಿದೆ. ಆದರೆ ಈ ಮುದ್ರೆ ನೋಡಿ, ಇದು ಯಾರ ನಕಲೂ ಅಲ್ಲ. ಇದು ಇವರ ಸ್ವಂತ ಕೈ."

"ರೀ, ಅದು ನನ್ನ ಹೆಬ್ಬೆಟ್ಟಲ್ವಾ?" ಎಂದಳು ಸುಮಾ. ಅಷ್ಟಕ್ಕೇ ಬಿಡದೆ ಇಂಗ್ಲಿಷಿನಲ್ಲೂ ಹೇಳಿದಳು. ಸಾಕ್ಷಿಗೆ ಬೆರಳನ್ನು ಬೊಟ್ಟಿನ ಪಕ್ಕ ಹಿಡಿದಳು. ಮೇಡಂ ಬೆರಳು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೊಂಟ ಬಗ್ಗಿಸಿ ನಮಸ್ಕರಿಸಿದರು, ಸುಮಾಳಿಗೆ!

ಈಗ ಕ್ಲಾಸಿಗೆ ಹೋಗುವವಳು ಅವಳು. ಮನೆಯಲ್ಲಿ ಅವಳಿಗೆ ಮಸಿ ತೇದು ಕೊಡುವುದು ನಾನು. ಕಣ್ಣು ಎಳೆಯುವ ಹೊತ್ತಿಗೆ ಎದ್ದು ಎಲ್‌ಆರ್‌ಟಿ ಹತ್ತುತ್ತೇನೆ, ಒಂದೇ ಸುತ್ತು ಹೋಗುತ್ತೇನೆ. ಈಚೆಗೆ ಹಾಲು ಮರೆಯುವುದಿಲ್ಲ.