ತೂಗುಹಡಗಿನ ಹೊಟ್ಟೆ

ಥೋರ್ಕಿಲ್ ಜೀವಮಾನವಿಡೀ ಹಡಗು ನಡೆಸಿದವನು. ಆದರೂ ದ್ವೀಪದಲ್ಲಿ ಒಬ್ಬರಾದರೂ ಅವನನ್ನು ಕಪ್ತಾನ ಎಂದು ಕರೆದದ್ದಿಲ್ಲ. ಅವನು ನಡೆಸಿದ್ದು ಇಲ್ಲಿಂದ ಎದುರು ದಡಕ್ಕೆ, ಎದುರು ದಡದಿಂದ ಇಲ್ಲಿಗೆ ಹೋಗಿಬರುವ ಫೆರಿಯನ್ನು. ಹಾಗಾಗಿ ಅವನು ಎಲ್ಲರಿಗೂ ಬರೀ ‘ಫೆರಿ ಥೋರ್ಕಿಲ್’.

“ನಮಗೆ ಬಿರುಗಾಳಿ ಎದುರಾಗ್ತಿತ್ತು, ನಿನಗೆ ಹಂದಿ ತುಂಬಿದ ಲಾರಿ,” ಎಂದು ಬಂದರಿನ ಬೆಂಚಿನ ಮೇಲೆ ಕೂತ ಮುದಿ ಕಪ್ತಾನ ಯೆಪ್ಪೆ ರೇಗಿಸುತ್ತಿದ್ದ.

ಕಡಲಿಗಿಳಿದವರ ಕ್ಷೇಮಕ್ಕೆಂದು ಚರ್ಚಿನ ಚಾವಣಿಯಿಂದ ತೂಗುಹಾಕಿದ್ದ ಹರಕೆಯ ಪುಟ್ಟ ಮಾದರಿ ಹಡಗಿಗೆ ಹುಳ ಹಿಡಿದು ಅದನ್ನು ಕೆಳಗಿಳಿಸಿದಾಗ, ಹೊಸದನ್ನು ತಾನೇ ಕಟ್ಟಿಕೊಡುವುದಾಗಿ ಥೋರ್ಕಿಲ್ ಪಾದ್ರಿ ಬೋಡಿಲ್ ಅವರಿಗೆ ಮಾತು ಕೊಟ್ಟ. ಯೆಪ್ಪೆಯಂಥವರು ತನ್ನ ಹಡಗಿನ ಕೆಳಗೆ ಕೂತು ಕತ್ತೆತ್ತಿ ನೋಡಬೇಕು, ಒಂದೇ ಒಂದು ಸಲ ‘ಕಪ್ತಾನ’ ಎನ್ನಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಅಂಚೆಯಲ್ಲಿ ಪೆಟ್ಟಿಗೆ ಬಂತು. ಒಳಗೆ ಮರದ ಪಕ್ಕೆಲುಬುಗಳು, ಕಟ್ಟುಗಟ್ಟಲೆ ತೆಳು ಪಟ್ಟಿಗಳು, ದಾರದ ಉಂಡೆಗಳು. ಊಟದ ಮೇಜು ಹಡಗುಕಟ್ಟೆಯಾಯಿತು. ಗಂಡಹೆಂಡಿರು ಚಳಿಗಾಲವಿಡೀ ಒಲೆಯ ಪಕ್ಕ ನಿಂತುಕೊಂಡೇ ರೈ ರೊಟ್ಟಿ ತಿಂದರು.

“ಆಲೂಗಡ್ಡೆ ಬೇಯಿಸೋ ಪಾತ್ರೆ ಎಲ್ಲಿ?” ಎಂದಳು ಹೆಂಡತಿ ಅಸ್ತಾ.

“ಮುಚ್ಚಳ ತೆಗೀಬೇಡ! ಬಲಮಗ್ಗುಲಿನ ಪಟ್ಟಿ ನೆನೀತಾ ಇದೆ. ನೆನೆದರೇನೇ ಬಾಗೋದು.”

“ನಿನ್ನ ಬೆನ್ನನ್ನೂ ಅದರಲ್ಲೇ ನೆನೆಸು ಮಾರಾಯ. ಬಿದ್ದ ಚಮಚ ಎತ್ತೋಕೂ ಬಾಗೋದಿಲ್ಲ ನೀನು.”

ಅವಳು ಹುಬ್ಬು ಕೀಳುವ ಚಿಮಟವೂ ನೌಕಾಸೇವೆಗೆ ಸೇರಿತು. ಅದರಲ್ಲಿ ಹಿಡಿದು ಥೋರ್ಕಿಲ್ ಡೆಕ್ಕಿನ ಮೇಲೆ ಎಳ್ಳಿನಷ್ಟು ಗಾತ್ರದ ರಾಟೆಗಳನ್ನು ಕಟ್ಟಿದ, ಹಗ್ಗದ ಸುರುಳಿಗಳನ್ನಿಟ್ಟ, ನಿಜವಾಗಿ ತಿರುಗುವ ಚುಕ್ಕಾಣಿಚಕ್ರವನ್ನು ನಿಲ್ಲಿಸಿದ. ಅಡಿಭಾಗದಲ್ಲಿ ಮಾತ್ರ ಪಟ್ಟಿಗಳ ನಡುವೆ ಸಂದು ಬಿಟ್ಟಿತ್ತು, ಅಂಟು ಇಳಿದು ಗಡ್ಡೆಗಟ್ಟಿತ್ತು. (ಅದು ನೀರಿನ ಕೆಳಗಿರುವ ಭಾಗ, ಮುಳುಗಿ ನೋಡುವವರು ಯಾರು?)

ಹರಕೆ ಒಪ್ಪಿಸುವ ಹಿಂದಿನ ದಿನ ಚರ್ಚಿನ ಕಾವಲುಗಾರ ಎಗೋನ್ ಹಗ್ಗ ಎಳೆದ. ಹಡಗು ಮೇಲೇರಿತು. ಮೊದಲು ಚುಕ್ಕಾಣಿಚಕ್ರ ಮರೆಯಾಯಿತು, ಆಮೇಲೆ ಇಡೀ ಡೆಕ್ಕೇ. ಕೊನೆಗೆ ಕೆಳಗಿದ್ದವರ ಕಣ್ಣಿಗೆ ಉಳಿದದ್ದು ಹೊಟ್ಟೆಯೊಂದೇ.

“ಹಡಗಿಗೆ ಸಿಡುಬು ಎದ್ದಿದೆಯಲ್ಲೋ,” ಎಂದ ಎಗೋನ್.

ಥೋರ್ಕಿಲ್ ಹಡಗಿನ ಕೆಳಗೆ ಹೋಗಿ ಕತ್ತೆತ್ತಿದ. ಭಾನುವಾರವೇ ಫೆರಿಗೆ ಜನ ಹೆಚ್ಚು. ಹಾಗಾಗಿ ಅವನು ಚರ್ಚಿಗೆ ಹೋಗುತ್ತಿದ್ದದ್ದು ಶವಸಂಸ್ಕಾರಗಳಿಗೆ ಮಾತ್ರ, ತಲೆ ತಗ್ಗಿಸಿಕೊಂಡು. ಕೆಳಗೆ ಕೂತವರಿಗೆ ತೂಗುಹಡಗು ಹೇಗೆ ಕಾಣುತ್ತದೆಂದು ಅವನು ನೋಡಿಯೇ ಇರಲಿಲ್ಲ.

“ನೀನಾದರೂ ಹೇಳಬಾರದಿತ್ತಾ?” ಎಂದು ಅಸ್ತಾಳ ಮೇಲೆ ಹರಿಹಾಯ್ದ.

“ನಾನು ಹಾಡೋರ ಜೊತೆ ಮೇಲಿನ ಅಟ್ಟದಲ್ಲಿ ನಿಲ್ಲೋಳು. ಅಲ್ಲಿಂದ ಡೆಕ್ಕೇ ಕಾಣೋದು. ಅಳ್ಬೇಡ, ಮರ ಉಜ್ಜೋ ಉಪ್ಪುಕಾಗದ ಎಲ್ಲಿದೆ ಹೇಳು.”

ಪಾದ್ರಿ ಹರಕೆ ಒಪ್ಪಿಸುವುದನ್ನು ಒಂದು ವಾರ ಮುಂದೂಡಿದರು. ಬೋರಲು ಹಾಕಿದರೆ ಪಟಗಂಬ ಮುರಿದೀತೆಂದು ಗಂಡಹೆಂಡಿರು ಹಡಗನ್ನು ಅಡುಗೆಮನೆಯ ದೀಪದ ಕೊಕ್ಕೆಗೆ ತೂಗುಹಾಕಿದರು. ಅಸ್ತಾ ದೋಣಿಗಳಿಗೆ ಬಣ್ಣ ಬಳಿಯುವವನ ಮಗಳು. ಮೇಜಿನ ಮೇಲೆ ಅಂಗಾತ ಮಲಗಿ ಸಂದುಗಳಿಗೆ ಮರದ ಪುಡಿ ಕಲಸಿದ ಅಂಟು ಮೆತ್ತಿದಳು, ಗಡ್ಡೆಗಳನ್ನು ಉಜ್ಜಿದಳು, ಕಿಟಕಿಗೆ ಬಳಿದು ಮಿಕ್ಕಿದ್ದ ಕೆಂಪನ್ನು ಪದರಪದರವಾಗಿ ಬಳಿದಳು. ಥೋರ್ಕಿಲ್ ಡಬ್ಬಿ ಹಿಡಿದು ನಿಂತ. ಆಗಾಗ ಅವಳ ಮೂಗಿನ ಮೇಲಿನ ಹನಿ ಒರೆಸಿದ.

ಭಾನುವಾರ ಚರ್ಚಿನಲ್ಲಿ ಎಲ್ಲರೂ ಕತ್ತೆತ್ತಿದರು. ಹೊಟ್ಟೆ ಮಾಗಿದ ಸೇಬಿನಂತೆ ಹೊಳೆಯುತ್ತಿತ್ತು.

“ಇಂಥ ನುಣುಪು ನಮ್ಮ ಕಾಲದಲ್ಲೂ ಕಂಡಿಲ್ಲ. ಬಳಿದೋರು ಯಾರು?” ಎಂದ ಯೆಪ್ಪೆ.

“ಅಸ್ತಾ. ಆದ್ರೆ ಮೇಲೆ ಡೆಕ್ ಇದೆ! ಚಕ್ರ ತಿರುಗುತ್ತೆ!”

“ಇರಬಹುದಪ್ಪ. ಸ್ವರ್ಗವೂ ಮೇಲೇ ಇದೆಯಂತೆ,” ಎನ್ನುತ್ತ ಯೆಪ್ಪೆ ಟೋಪಿ ತೆಗೆದು, ಅಟ್ಟದಿಂದ ಇಳಿದು ಬರುತ್ತಿದ್ದ ಅಸ್ತಾಳಿಗೆ ತಲೆಬಾಗಿದ.

ತನ್ನ ಡೆಕ್ಕನ್ನು ತಾನಾದರೂ ನೋಡೋಣವೆಂದು ಥೋರ್ಕಿಲ್ ಮರುವಾರವೇ ಹಾಡುವವರ ಗುಂಪಿಗೆ ಸೇರಿದ. ಅವನದು ಮಂಜಿನಲ್ಲಿ ಕೂಗುವ ಫೆರಿಯ ದನಿ. ಅಂಥವರನ್ನು ನಿಲ್ಲಿಸುವುದು ಹಿಂದಿನ ಸಾಲಿನಲ್ಲಿ, ಆರ್ಗನ್ ಕೊಳವೆಗಳ ಮರೆಯಲ್ಲಿ. ಅಲ್ಲಿಂದ ಪಟಗಂಬದ ತುದಿಯೂ ಕಾಣದು. ಅಸ್ತಾ ಮುಂದಿನ ಸಾಲಿನವಳು. ಊಟಕ್ಕೆ ಕೂತಾಗ ಅವಳೇ ವರದಿ ಒಪ್ಪಿಸಬೇಕು.

“ಹಗ್ಗಗಳೆಲ್ಲ ನೆಟ್ಟಗಿವೆಯಾ?”

“ಇವೆ. ಚಕ್ರದ ಹತ್ರ ಒಂದು ಜೇಡ ಬಂದು ಕೂತಿದೆ.”

“ಎಗೋನ್‌ಗೆ ಹೇಳಿ ಗುಡಿಸಿಹಾಕಿಸು!”

“ಆಗೋದಿಲ್ಲ,” ಎಂದಳು ಅಸ್ತಾ, ಅವನ ತಟ್ಟೆಗೆ ಇನ್ನೊಂದು ತುಂಡು ಹೆರಿಂಗ್ ಮೀನು ಬಡಿಸುತ್ತ. “ಮುಂದಿನ ಸಾಲಿನೋರಿಗೆಲ್ಲ ಅದು ಅಚ್ಚುಮೆಚ್ಚು. ಕಪ್ತಾನ ಅಂತ ಕರೀತೀವಿ.”