ಬಣ್ಣ ತೆಗೆಯುವ ಮಾವ

ನನ್ನ ಸೋದರಮಾವನಿಗೆ ಬಣ್ಣ ಕಂಡರಾಗದು! ಕುಂದಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವರಿಗೆ ಇಂಥ ಕಾಯಿಲೆ ಬರಬಹುದೇ? ನಮ್ಮ ಬೀದಿಗೆ ಮೊದಲು ಡಿಜಿಟಲ್ ಕ್ಯಾಮೆರಾ ತಂದವರೂ ಅವರೇ, ಅದು ಕೊಟ್ಟ ಬಣ್ಣವನ್ನೆಲ್ಲ ಕಂಪ್ಯೂಟರಿನಲ್ಲಿ ತೊಳೆದು ಕಪ್ಪುಬಿಳುಪು ಮಾಡಿದವರೂ ಅವರೇ.

ಅದೂ ಒಂದು ಗುಂಡಿ ಒತ್ತಿ ಕೈತೊಳೆದುಕೊಳ್ಳುವವರಲ್ಲ. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆ ತೆರೆದು, ಯಾರ ಮುಖಕ್ಕೆ ಯಾವುದು ಎಷ್ಟು ಎಂದು ಅತ್ತೆ ಸಾರಿಗೆ ಉಪ್ಪು ಹಾಕುವ ಹಾಗೆ ನೋಡುತ್ತಿದ್ದರು. ಕೆಂಪು ಹೆಚ್ಚಿಸಿದರೆ ಮೊಡವೆ ಮಾಯ. ನೀಲಿ ಹೆಚ್ಚಿಸಿದರೆ ಮುದುಕರ ಮುಖದ ಒಂದೊಂದು ಗೆರೆಯೂ ಎದ್ದು ಬರುತ್ತದೆ. ಈ ವಿದ್ಯೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಇನ್ನೊಬ್ಬರಿಗೆ ಬರಲಿ ನೋಡೋಣ!

ಗಿರಾಕಿಗಳಿಗೆ ಮಾತ್ರ ಈ ಹೆಮ್ಮೆ ಇರಲಿಲ್ಲ. ಹಾಲಾಡಿಯ ವ್ಯಾಪಾರಿಯೊಬ್ಬರಿಗೆ ಅರವತ್ತು ತುಂಬಿದಾಗ ಮಾವ ದೊಡ್ಡ ಕಪ್ಪುಬಿಳುಪು ಫೋಟೋಗೆ ಕಟ್ಟು ಹಾಕಿಸಿ ಕೊಟ್ಟರು. ಅದು ಜಗಲಿಯ ಗೋಡೆ ಏರಿತು. ಮರುವಾರ ಬಂದ ನೆಂಟರೊಬ್ಬರು ಅದನ್ನು ಕಂಡವರೇ ಕೈಮುಗಿದು, "ಯಾವತ್ ಆದ್ದ್? ನಮ್ಗ್ ಒಂದ್ ಮಾತ್ ಹೇಳುಕಿಲ್ಯಾ?" ಎಂದು ಕಣ್ಣೊರೆಸಿಕೊಂಡರಂತೆ. ವ್ಯಾಪಾರಿಯೇ ಒಳಗಿಂದ ಬಂದು ಅವರನ್ನು ಸಮಾಧಾನ ಮಾಡಬೇಕಾಯಿತು!

ಹಾಗಾಗಿ ನನ್ನ ಮದುವೆ ಗೊತ್ತಾದಾಗ ಖಡಾಖಂಡಿತ ಹೇಳಿಬಿಟ್ಟೆ, ಆಲ್ಬಮ್ಮಿನ ಪ್ರತಿ ಹಾಳೆಯೂ ಬಣ್ಣದ್ದೇ ಆಗಬೇಕೆಂದು. ಆಸೆಪಟ್ಟು ತೆಗೆದ ಕೆಂಪು ಸೀರೆ ಬೂದಿಬಣ್ಣವಾದರೆ ನಾನು ಬದುಕುವುದುಂಟೇ? ಮೊದಲೇ ಒಂದು ಕೊರತೆ ಇತ್ತು. ನಾನು ಎರಡು ವರ್ಷದವಳಿದ್ದಾಗ ತೀರಿಕೊಂಡ ಅಪ್ಪನದು ಮನೆಯಲ್ಲಿದ್ದದ್ದು ಒಂದೇ ಫೋಟೋ. ಮಾವನೇ ಸ್ಟುಡಿಯೋದಲ್ಲಿ ತೆಗೆದ ಕಪ್ಪುಬಿಳುಪಿನದು, ಅಪ್ಪ ಪಕ್ಕಕ್ಕೆ ತಿರುಗಿ ಕೆಳಗೆ ಏನನ್ನೋ ನೋಡಿ ನಗುತ್ತಿರುವುದು. ನಾನೂ ಅಪ್ಪನೂ ಒಟ್ಟಿಗಿರುವ ಫೋಟೋ ಒಂದೂ ಇರಲಿಲ್ಲ. ಮದುವೆಯಲ್ಲಾದರೂ ಬಣ್ಣವಿರಲಿ ಎಂದು ನನ್ನ ಹಟ. ಮಾವ ಆನೆಗುಡ್ಡೆಯ ಗಣಪತಿಯ ಮೇಲೆ ಆಣೆ ಹಾಕಿ ಒಪ್ಪಿದರು.

ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಕೆಲಸ. ನನ್ನ ಮಾವ ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡೇ ಕರೆತಂದರು! ಧಾರೆ ಮುಗಿದ ಮೇಲೆ ನನ್ನನ್ನು ಕಂಬದ ಹತ್ತಿರ ನಿಲ್ಲಿಸಿ, ಬಲಕ್ಕೆ ಸ್ವಲ್ಪ ಮೇಲೆ ನೋಡಿ ನಗಲು ಹೇಳಿದರು. ನೋಡಿದರೆ ಅಲ್ಲಿ ಯಾರೂ ಇಲ್ಲ. ಜಾಗ ಖಾಲಿ ಇದೆಯೆಂದು ಮದುಮಗ ಬಂದು ನಿಂತರೆ, "ಹ್ವಾಯ್, ನೀವ್ ಆಚಿಗ್ ನಿಲ್ಲಿ" ಎಂದು ಅವರನ್ನೇ ಓಡಿಸಿದರು. ಮಾವನ ತಲೆ ಪೂರ್ತಿ ಕೆಟ್ಟಿತು ಎಂದುಕೊಂಡೆ.

ತಿಂಗಳ ಮೇಲೆ ಆಲ್ಬಮ್ ಬಂತು. ಸೀರೆ ಕೆಂಪು, ಹೂವು ಹಳದಿ, ಒಂದು ಹಾಳೆಗೂ ಮೋಸವಿಲ್ಲ. ಜೊತೆಗೆ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು. ಬಿಚ್ಚಿದರೆ ಕಪ್ಪುಬಿಳುಪು! ಆಣೆ ಆಲ್ಬಮ್ಮಿಗೆ ಮಾತ್ರ ಎಂದು ಮಾವ ಲೆಕ್ಕ ಹಾಕಿದ್ದರು. ಜಗಳಕ್ಕೆಂದು ಬಾಯಿ ತೆರೆದವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಂಬದ ಹತ್ತಿರ ನಾನು ತಲೆಯೆತ್ತಿ ನಗುತ್ತಿದ್ದೆ. ಪಕ್ಕದಲ್ಲಿ ಅಪ್ಪ ನನ್ನನ್ನೇ ನೋಡಿ ನಗುತ್ತಿದ್ದರು. ಇಬ್ಬರ ಮುಖದ ಮೇಲೂ ಒಂದೇ ಬೆಳಕು.

"ಭಾವಂಗೆ ಬಣ್ಣ ಹಾಕಿ ಕಂಡೆ ಮಗಾ, ಅದ್ ಅವ್ರ್ ಹಾಂಗ್ ಆಯ್ಲಿಲ್ಲ," ಎಂದರು ಮಾವ. "ಹಾಂಗಾಯಿ ನಿಂದೇ ಬಣ್ಣ ತೆಗ್ದೆ."

ಈಗ ಅದು ನಮ್ಮ ಮನೆಯ ಹಾಲಿನ ಗೋಡೆಯ ಮೇಲಿದೆ. ಹೊಸಬರು ಯಾರಾದರೂ, ನಿಮ್ಮ ತಂದೆ ಮದುವೆಗೆ ಇದ್ದರಾ ಎಂದು ಕೇಳುತ್ತಾರೆ. ಇದ್ದರು ಎನ್ನುತ್ತೇನೆ ನಾನು, ನನ್ನ ಮಾವ ಕರೆದುಕೊಂಡು ಬಂದಿದ್ದರು.